ಬೆಂಗಳೂರಿಗೆ ವಲಸೆ ಬಂದವರಿಗೆ ಕೆಲಸ ಕೊಡುವಾಗ: ಮೊದಲ ದಿನದಿಂದ ಲೆಕ್ಕ ಚುಕ್ತಾ ಆಗುವವರೆಗೆ

ಪೀಣ್ಯದ ಮೆಷಿನ್ ಶಾಪ್, ಬೊಮ್ಮಸಂದ್ರದ ಗಾರ್ಮೆಂಟ್ಸ್, ವೈಟ್‌ಫೀಲ್ಡ್‌ನ ಕಟ್ಟಡ, ಜಯನಗರದ ದರ್ಶಿನಿ, ಎಲ್ಲಿ ನೋಡಿದರೂ ಒಡಿಶಾ, ಬಿಹಾರ, ಜಾರ್ಖಂಡ್, ಅಸ್ಸಾಂ ಕಡೆಯವರು ಸಿಗುತ್ತಾರೆ. ನಮ್ಮದೇ ರಾಯಚೂರು, ಯಾದಗಿರಿ, ಕಲಬುರಗಿಯವರೂ ಇರುತ್ತಾರೆ. ಬಂದವರು ನಾಲ್ಕು ತಿಂಗಳೂ ನಿಲ್ಲುವುದಿಲ್ಲ ಎನ್ನುವುದು ಮಾಲೀಕರ ಮಾಮೂಲಿ ದೂರು. ಬಿಟ್ಟು ಹೋಗುವ ಕಾರಣ ಸಾಮಾನ್ಯವಾಗಿ ಮೊದಲ ತಿಂಗಳಲ್ಲೇ ಹುಟ್ಟಿರುತ್ತದೆ. ಹೇಳಿದ ಸಂಬಳ ಕೈಗೆ ಬಂದಿರುವುದಿಲ್ಲ, ರೂಮು ಸರಿಯಿರುವುದಿಲ್ಲ, ಹೇಳಿಕೊಳ್ಳೋಣ ಎಂದರೆ ಮಾತು ಬರುವುದಿಲ್ಲ. ಈ ಮೂರನ್ನು ಸರಿಮಾಡುವುದಕ್ಕೆ ದೊಡ್ಡ ಎಚ್‌ಆರ್ ವಿಭಾಗ ಬೇಕಿಲ್ಲ. ಲೆಕ್ಕ ಗೊತ್ತಿರುವ ಒಬ್ಬರು, ಅವರಿಗೆ ವಾರದಲ್ಲಿ ಒಂದಿಷ್ಟು ಹೊತ್ತು ಇದ್ದರೆ ಸಾಕು.

ಊರು ಬಿಡುವ ಮೊದಲೇ ಲೆಕ್ಕ ಹೇಳಿ

ಏಜೆಂಟ್ ಅಥವಾ ಮೇಸ್ತ್ರಿ ಊರಲ್ಲಿ ಹೇಳುವುದು ಗ್ರಾಸ್ ಸಂಬಳ, ಅಂದರೆ ಏನೂ ಮುರಿದುಕೊಳ್ಳುವ ಮೊದಲಿನ ಮೊತ್ತ. ಕೆಲಸಗಾರರು ಮನೆಯವರಿಗೆ ಮಾತು ಕೊಟ್ಟು ಬರುವುದೂ ಆ ಮೊತ್ತದ ಮೇಲೆಯೇ. ಉದಾಹರಣೆಗೆ ಪಿಎಫ್‌ಗೆ (ಭವಿಷ್ಯ ನಿಧಿಗೆ) ಲೆಕ್ಕ ಹಿಡಿಯುವ ಸಂಬಳ 15,000 ರೂಪಾಯಿ ಎಂದುಕೊಳ್ಳಿ. ಶೇ. 12ರಂತೆ ಪಿಎಫ್ 1,800, ಶೇ. 0.75ರಂತೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) 113 ಹೋದರೆ ಕೈಗೆ ಉಳಿಯುವುದು 13,087. ಅದರಲ್ಲಿ ರೂಮು, ಊಟ ಮುರಿದುಕೊಂಡರೆ ಇನ್ನೂ ಇಳಿಯುತ್ತದೆ. ಈ ಲೆಕ್ಕವನ್ನು ಒಂದೇ ಹಾಳೆಯಲ್ಲಿ, ಒಡಿಯಾ, ಹಿಂದಿ ಅಥವಾ ಅಸ್ಸಾಮಿಯಲ್ಲಿ ಬರೆಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ಓದಲು ಬಾರದವರಿಗೆ ಅದನ್ನೇ ಓದಿ ವಾಯ್ಸ್ ಮೆಸೇಜ್ ಮಾಡಿ. ನಿಜವಾದ ಮೊತ್ತ ಕೇಳಿ ಕೆಲವರು ಬರದೇ ಇರಬಹುದು. ಅವರು ಬಂದಿದ್ದರೂ ಮೊದಲ ಸಂಬಳದ ದಿನ ಹೋಗಿಬಿಡುತ್ತಿದ್ದರು.

ಏಜೆಂಟ್ ಕಮಿಷನ್ ಕಂಪನಿಯೇ ಕೊಡಲಿ, ಕೆಲಸಗಾರರ ಸಂಬಳದಿಂದ ಒಂದು ರೂಪಾಯಿಯೂ ಹೋಗಬಾರದು. ಮುಂಗಡ ಕೊಟ್ಟು 'ತೀರುವವರೆಗೆ ಬಿಡುವ ಹಾಗಿಲ್ಲ' ಎಂದರೆ ಅದು ಜೀತ, 1976ರ ಕಾಯ್ದೆಯಡಿ ಅಪರಾಧ. ಆಧಾರ್, ಎಟಿಎಂ ಕಾರ್ಡನ್ನು 'ಸೇಫಾಗಿರಲಿ' ಎಂದು ಆಫೀಸಿನ ಬೀರುವಿನಲ್ಲಿ ಇಟ್ಟುಕೊಳ್ಳುವ ರೂಢಿಯೂ ಇದೆ. ಜೆರಾಕ್ಸ್ ತೆಗೆದುಕೊಂಡು ಮೂಲ ದಾಖಲೆಯನ್ನು ಅಲ್ಲೇ ವಾಪಸ್ ಕೊಡಿ.

ಮೊದಲ ವಾರದ ಕಾಗದಪತ್ರ

ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ ಕೇಂದ್ರ ತಂದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ. ಅವುಗಳ ಪ್ರಕಾರ ಪ್ರತಿ ಕೆಲಸಗಾರರಿಗೂ ನೇಮಕಾತಿ ಪತ್ರ ಕೊಡಲೇಬೇಕು. ಹತ್ತು ಅಥವಾ ಹೆಚ್ಚು ಅಂತರರಾಜ್ಯ ವಲಸೆ ಕಾರ್ಮಿಕರಿದ್ದರೆ, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಪ್ರಯಾಣದ ಖರ್ಚನ್ನೂ ಕೊಡಬೇಕು. ತಾವಾಗಿಯೇ ರೈಲು ಹತ್ತಿ ಬಂದು ಗೇಟಿನಲ್ಲಿ ಕೆಲಸ ಕೇಳಿದವರೂ ಈ ಲೆಕ್ಕಕ್ಕೆ ಸೇರುತ್ತಾರೆ. ಕಂಟ್ರಾಕ್ಟರ್ ಕರೆತಂದವರು ಮಾತ್ರ ಎಂಬ ಹಳೆಯ ತಿಳಿವಳಿಕೆ ಈಗ ನಡೆಯುವುದಿಲ್ಲ.

ಪಿಎಫ್‌ನಲ್ಲಿ ಹೆಚ್ಚು ತಪ್ಪು ಆಗುವುದು ಯುಎಎನ್‌ನಲ್ಲಿ, ಅಂದರೆ ಕಂಪನಿ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆಯಲ್ಲಿ. 'ಮುಂಚೆ ಎಲ್ಲಾದರೂ ಪಿಎಫ್ ಕಟ್ಟಾಗುತ್ತಿತ್ತಾ?' ಎಂದು ಕೇಳಿ. ತಿರುಪ್ಪೂರಿನಲ್ಲೋ ಸೂರತ್‌ನಲ್ಲೋ ಒಂದು ವರ್ಷ ದುಡಿದವರಿಗೆ ಹಳೆಯ ನಂಬರ್ ಇರುತ್ತದೆ, ಅವರಿಗೆ ಗೊತ್ತಿರುವುದಿಲ್ಲ. ಹೊಸ ನಂಬರ್ ಮಾಡಿಬಿಟ್ಟರೆ ಹಳೆಯ ಹಣ ಅಲ್ಲೇ ಕೊಳೆಯುತ್ತದೆ. ಪಿಂಚಣಿಗೆ ಬೇಕಾದ 10 ವರ್ಷದ ಸೇವೆಯೂ ತುಂಡಾಗುತ್ತದೆ. ಹೆಸರನ್ನು ಆಧಾರ್‌ನಲ್ಲಿರುವ ಕಾಗುಣಿತದಂತೆಯೇ ಟೈಪ್ ಮಾಡಿ. 'ಕುಮಾರ್', 'ದೇವಿ' ಬಿಟ್ಟುಹೋದರೂ ಮುಂದೆ ಕ್ಲೇಮ್ ವಾಪಸ್ ಬರುತ್ತದೆ.

ಸಂಬಳ 21,000 ರೂಪಾಯಿಯೊಳಗಿದ್ದರೆ ಇಎಸ್‌ಐ ಇದೆ. ಸೇರಿದ ಹತ್ತು ದಿನದೊಳಗೆ ನೋಂದಾಯಿಸಿ. ಹೆಂಡತಿ ಮಕ್ಕಳು ಊರಲ್ಲಿದ್ದರೆ ಅವರಿಗೆ ಅಲ್ಲಿನ ಡಿಸ್ಪೆನ್ಸರಿಯನ್ನೇ ಆರಿಸಬಹುದು. ಎಲ್ಲರನ್ನೂ ಕಣ್ಣುಮುಚ್ಚಿ ಬೆಂಗಳೂರಿನ ವಿಳಾಸಕ್ಕೆ ಹಾಕಿಬಿಟ್ಟರೆ, ಒಡಿಶಾದ ಕೊರಾಪುಟ್‌ನಲ್ಲಿರುವ ಮಗುವಿಗೆ ಕಾರ್ಡ್ ಇದ್ದೂ ಇಲ್ಲದಂತೆ. ಇಲ್ಲಿರುವವರಿಗೆ ರಾಜಾಜಿನಗರ, ಇಂದಿರಾನಗರದ ಇಎಸ್‌ಐ ಆಸ್ಪತ್ರೆಗೆ ಯಾವ ಬಸ್ಸು ಹೋಗುತ್ತದೆ ಎಂದು ಬರೆದುಕೊಡಿ.

ಸಂಬಳ ಅವರವರ ಹೆಸರಿನ ಖಾತೆಗೇ, ತಿಂಗಳ 7ನೇ ತಾರೀಖಿನೊಳಗೆ ಹೋಗಬೇಕು. ಇಡೀ ಗ್ಯಾಂಗಿನ ಹಣವನ್ನು ಮೇಸ್ತ್ರಿಯ ಖಾತೆಗೆ ಹಾಕಬೇಡಿ. ಕಂಟ್ರಾಕ್ಟರ್ ಕೊಡದೆ ಕೈಯೆತ್ತಿದರೆ ಕೊಡುವ ಹೊಣೆ ಮುಖ್ಯ ಮಾಲೀಕರಾದ ನಿಮ್ಮದೇ. ಹಾಗಾಗಿ ಹಿಂದಿನ ತಿಂಗಳು ಒಬ್ಬೊಬ್ಬರ ಖಾತೆಗೂ ಹಣ ಹೋದ ಬ್ಯಾಂಕ್ ಪುರಾವೆ ನೋಡಿದ ಮೇಲೆಯೇ ಕಂಟ್ರಾಕ್ಟರ್ ಬಿಲ್ ಪಾಸ್ ಮಾಡಿ.

ರೂಮು

ಹೊರಗಿನವರಿಗೆ, ಅದರಲ್ಲೂ ಬಂಗಾಳಿ ಮಾತಾಡುವವರಿಗೆ ಮನೆ ಕೊಡಲು ಓನರ್‌ಗಳು ಹಿಂದೇಟು ಹಾಕುತ್ತಾರೆ. ಬಾಡಿಗೆ ಕರಾರು ಕಂಪನಿಯ ಹೆಸರಿನಲ್ಲಿ ಆಗಲಿ, ಅಡ್ವಾನ್ಸ್ ಕಂಪನಿ ಕೊಡಲಿ. ಆಮೇಲೆ ನೀರಿನ ಲೆಕ್ಕ ಹಾಕಿ. ನಗರಗಳಿಗೆ ಹಿಡಿಯುವ ಪ್ರಮಾಣ ತಲೆಗೆ ದಿನಕ್ಕೆ 135 ಲೀಟರ್. ಹನ್ನೆರಡು ಜನರಿರುವ ಮನೆಗೆ 1,620 ಲೀಟರ್ ಬೇಕು. ಅಂದರೆ 6,000 ಲೀಟರಿನ ಟ್ಯಾಂಕರ್ ನಾಲ್ಕು ದಿನವೂ ಬರುವುದಿಲ್ಲ. ಬೋರ್‌ವೆಲ್ ಒಣಗುವ ಮಾರ್ಚ್, ಏಪ್ರಿಲ್‌ನಲ್ಲಿ ಈ ಖರ್ಚು ಯಾರ ತಲೆಗೆ ಎಂದು ಕರಾರಿನಲ್ಲೇ ಬರೆಸಿ. ಇಲ್ಲದಿದ್ದರೆ ಓನರ್ ಮೋಟರ್ ನಿಲ್ಲಿಸುತ್ತಾರೆ, ಕೆಲಸಗಾರರು ಸ್ನಾನವಿಲ್ಲದೆ ಶಿಫ್ಟಿಗೆ ಬರುತ್ತಾರೆ.

ಹಾಸ್ಟೆಲ್ ಗೇಟಿಗೆ ಹೊರಗಿನಿಂದ ಬೀಗ ಹಾಕುವುದು, ಭಾನುವಾರ ಎರಡು ಗಂಟೆ ಮಾತ್ರ ಬಿಡುವುದು ಹೆಣ್ಣುಮಕ್ಕಳ ರಕ್ಷಣೆಯಲ್ಲ, ಕೂಡಿಹಾಕುವುದು. ರಾತ್ರಿ ಬೆಂಕಿ ಬಿದ್ದರೆ ಆ ಬೀಗವೇ ಜೀವ ತೆಗೆಯುತ್ತದೆ. ಒಳಗಿರುವವರ ಹತ್ತಿರವೂ ಕೀ ಇರಲಿ.

ಅಡುಗೆ ತಾವೇ ಮಾಡಿಕೊಳ್ಳಲು ಜಾಗ ಬಿಡಿ. ಕ್ಯಾಂಟೀನ್ ಸಾಂಬಾರು ಎಷ್ಟೇ ರುಚಿಯಾಗಿದ್ದರೂ ಮೂರು ಹೊತ್ತೂ ಅದೇ ಆದರೆ ಯಾರಿಗೂ ಇಳಿಯುವುದಿಲ್ಲ. ವಿಳಾಸದ ದಾಖಲೆ ಇಲ್ಲದವರಿಗೂ 5 ಕೆಜಿಯ 'ಛೋಟು' ಸಿಲಿಂಡರ್ ಸಿಗುತ್ತದೆ, ಒಂದು ಗುರುತಿನ ಚೀಟಿ ಸಾಕು. ಬೀದಿಯಲ್ಲಿ ಕದ್ದು ತುಂಬಿಸುವ ಸಿಲಿಂಡರ್ ಮನೆಯೊಳಗೆ ಬರದಂತೆ ನೋಡಿಕೊಳ್ಳಿ.

ಕೆಲಸದ ಜಾಗದ ಕನ್ನಡ

ಗಾರ್ಮೆಂಟ್ಸ್ ಲೈನಿನಲ್ಲಿ ಸೂಜಿ ಮುರಿದರೆ ಎಲ್ಲ ತುಂಡುಗಳನ್ನೂ ಹುಡುಕಿ, ರಿಜಿಸ್ಟರ್‌ಗೆ ಟೇಪ್ ಹಾಕಿ ಅಂಟಿಸಿದ ಮೇಲೆಯೇ ಹೊಸ ಸೂಜಿ. ಮಾತು ಬಾರದ ಹುಡುಗಿ ಬೈಗುಳಕ್ಕೆ ಹೆದರಿ, ಸಿಕ್ಕಷ್ಟು ತುಂಡು ಕೊಟ್ಟು ಸುಮ್ಮನಾಗುತ್ತಾಳೆ. ಉಳಿದ ಚೂರು ಬಟ್ಟೆಯೊಳಗೆ ಸೇರಿ ಮೆಟಲ್ ಡಿಟೆಕ್ಟರ್‌ನಲ್ಲಿ ಕೂಗುತ್ತದೆ, ಪ್ಯಾಕ್ ಆದ ಪೆಟ್ಟಿಗೆಗಳನ್ನೆಲ್ಲ ಬಿಚ್ಚಬೇಕಾಗುತ್ತದೆ. ಆದ್ದರಿಂದ ಮೊದಲ ದಿನದ ಪಾಠ ಅಆಇಈ ಅಲ್ಲ, 'ಸೂಜಿ ಮುರಿದಿದೆ, ಒಂದು ತುಂಡು ಸಿಕ್ಕಿಲ್ಲ' ಎಂಬ ವಾಕ್ಯ.

ಇಂಥ ಮೂವತ್ತು ವಾಕ್ಯಗಳ ಪಟ್ಟಿ ಮಾಡಿ. 'ಮೆಷಿನ್ ನಿಲ್ಲಿಸಿ', 'ಕೈ ತೆಗೀರಿ', 'ಕರೆಂಟ್ ಹೊಡೀತಿದೆ' ಮೊದಲಿರಲಿ. ಅಷ್ಟೇ ಮುಖ್ಯವಾಗಿ 'ಅರ್ಥ ಆಗಲಿಲ್ಲ, ಇನ್ನೊಂದ್ಸಲ ಹೇಳಿ', 'ಹುಷಾರಿಲ್ಲ, ರಜೆ ಬೇಕು', 'ಸಂಬಳ ಕಮ್ಮಿ ಬಂದಿದೆ' ಎಂಬುವೂ ಇರಲಿ. ಆಜ್ಞೆ ಪಾಲಿಸುವ ಮಾತು ಮಾತ್ರ ಕಲಿಸಿ, ಕೇಳುವ ಮಾತು ಕಲಿಸದಿದ್ದರೆ ಅದು ಅರ್ಧ ಪಾಠ. ಕನ್ನಡ ವಾಕ್ಯವನ್ನು ಅವರ ಲಿಪಿಯಲ್ಲೇ ಬರೆದುಕೊಡಿ. ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷ, ಸಂಬಳದ ಸಮಯದಲ್ಲೇ ನಡೆಸಿ. ಶಿಫ್ಟ್ ಮುಗಿದ ಮೇಲೆ ಇಟ್ಟರೆ ಎರಡನೇ ವಾರಕ್ಕೆ ಯಾರೂ ಇರುವುದಿಲ್ಲ. ಹೇಳಿಕೊಡಲು ಹಿಂದಿ ಬಲ್ಲ, ತಾಳ್ಮೆಯಿರುವ ಕನ್ನಡದ ಸಹೋದ್ಯೋಗಿಯನ್ನು ಆರಿಸಿ, ಆ ಹೊತ್ತಿಗೆ ಟಾರ್ಗೆಟ್ ಇಳಿಸಿ.

ಸೂಪರ್‌ವೈಸರ್‌ಗಳಿಗೂ ಪಾಠ ಬೇಕು. 'ಏ ಬಿಹಾರಿ' ಎಂದು ಕರೆಯುವುದು ನಿಲ್ಲಬೇಕು, ಹೆಸರು ಹಿಡಿದು 'ಬನ್ನಿ, ಹೋಗಿ' ಅನ್ನಬೇಕು. ರಾಯಚೂರಿನವರ ಕನ್ನಡವನ್ನು ಅಣಕಿಸುವುದೂ ಇದೇ ಸಾಲಿಗೆ ಸೇರುತ್ತದೆ. ಲೈಂಗಿಕ ಕಿರುಕುಳದ ದೂರು ಕೊಡುವ ಆಂತರಿಕ ಸಮಿತಿಯ ಹೆಸರು, ನಂಬರ್ ಇರುವ ಬೋರ್ಡ್ ಕೆಲಸಗಾರರ ಭಾಷೆಗಳಲ್ಲೂ ಇರಲಿ.

ಫ್ಯಾಕ್ಟರಿ ಗೇಟಿನ ಆಚೆ

ಊರಿನ ರೇಷನ್ ಕಾರ್ಡಿನಲ್ಲೇ ಇಲ್ಲಿ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ತಮ್ಮ ಪಾಲಿನ ಧಾನ್ಯ ಪಡೆಯಬಹುದು, ಉಳಿದ ಪಾಲನ್ನು ಮನೆಯವರು ಊರಲ್ಲಿ ಪಡೆಯುತ್ತಾರೆ. ಕೊಡುವುದಿಲ್ಲ ಎಂದರೆ ಸಹಾಯವಾಣಿ 14445. ಜ್ವರ, ಕೆಮ್ಮಿಗೆ ಸರ್ಕಾರದ 'ನಮ್ಮ ಕ್ಲಿನಿಕ್' ಇದೆ. ಶಕ್ತಿ ಯೋಜನೆಯ ಉಚಿತ ಬಸ್ಸು ಕರ್ನಾಟಕದ ವಿಳಾಸವಿರುವ ಮಹಿಳೆಯರಿಗೆ ಮಾತ್ರ. ಒಡಿಶಾದಿಂದ ಬಂದವರು ಟಿಕೆಟ್ ತೆಗೆದುಕೊಳ್ಳಬೇಕು, ಹಾಗಾಗಿ ಬಿಎಂಟಿಸಿ ಪಾಸಿನ ಹಣ ಕಂಪನಿ ಕೊಟ್ಟರೆ ಒಳ್ಳೆಯದು. ಮಗುವಿನ ಟಿಸಿ (ವರ್ಗಾವಣೆ ಪತ್ರ) ಇಲ್ಲ ಎಂದು ಸರ್ಕಾರಿ ಶಾಲೆಯಲ್ಲಿ ವಾಪಸ್ ಕಳಿಸಿದರೆ ನಿಮ್ಮ ಕಡೆಯವರೊಬ್ಬರು ಜತೆಗೆ ಹೋಗಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವನ್ನು ಆ ಕಾರಣಕ್ಕೆ ನಿರಾಕರಿಸುವಂತಿಲ್ಲ.

ನಿರಾಶ್ರಿತರು ಕೆಲಸ ಕೇಳಿದಾಗ

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಎಲ್ಲ ನಿರಾಶ್ರಿತರಿಗೂ ಅನ್ವಯಿಸುವ ಒಂದೇ ಕಾನೂನೂ ಇಲ್ಲ. ಹಾಗಾಗಿ ಯಾರ ಕೈಯಲ್ಲಿ ಯಾವ ಕಾಗದ ಇದೆ ಎಂಬುದೇ ಮುಖ್ಯ. ಬೈಲಕುಪ್ಪೆ, ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಶಿಬಿರಗಳಿಂದ ಬರುವ ಟಿಬೆಟಿಯನ್ನರ ಹತ್ತಿರ ನೋಂದಣಿ ಪ್ರಮಾಣಪತ್ರ, ಅಂದರೆ ಆರ್‌ಸಿ ಇರುತ್ತದೆ. ಅವಧಿ ಮುಗಿದಿಲ್ಲವೇ ನೋಡಿ. ಅರ್ಹತೆಗೆ ತಕ್ಕ ಕೆಲಸ ಮಾಡಲು ಅವರಿಗೆ ಅವಕಾಶ ಕೊಡುವಂತೆ 2014ರ ಟಿಬೆಟಿಯನ್ ಪುನರ್ವಸತಿ ನೀತಿ ಹೇಳುತ್ತದೆ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಇಲ್ಲೇ ಹುಟ್ಟಿದವರು ಭಾರತದ ಪೌರರೇ. ಕರ್ನಾಟಕ ಹೈಕೋರ್ಟ್ 2013ರಲ್ಲಿ ಇದನ್ನು ಎತ್ತಿಹಿಡಿದಿದೆ.

ಅಫ್ಘಾನಿಸ್ತಾನ, ಮ್ಯಾನ್ಮಾರ್‌ನಿಂದ ಬಂದವರು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯಾದ ಯುಎನ್‌ಎಚ್‌ಸಿಆರ್ ಕೊಟ್ಟ ಕಾರ್ಡ್ ತೋರಿಸಬಹುದು. ಅದು ಗುರುತಿಗೆ ಸರಿ, ಕೆಲಸದ ಪರವಾನಗಿ ಅಲ್ಲ. ದೀರ್ಘಾವಧಿ ವೀಸಾ ಇದೆಯೇ ಕೇಳಿ. ಅದು ಸಿಕ್ಕವರು ಖಾಸಗಿ ಕೆಲಸಕ್ಕೆ ಸೇರಲು ಗೃಹ ಸಚಿವಾಲಯದ 2011ರ ಕಾರ್ಯವಿಧಾನ ಅವಕಾಶ ಮಾಡಿದೆ. ಸಂದೇಹವಿದ್ದರೆ ವಕೀಲರನ್ನು ಕೇಳಿ. ಕಾಗದವಿಲ್ಲ ಎಂದು ಹಿಂಬಾಗಿಲಿನಿಂದ ಸೇರಿಸಿಕೊಂಡು ಅರ್ಧ ಕೂಲಿ ಕೊಡುವುದು ಅವರ ನಿಸ್ಸಹಾಯಕತೆಯ ಮೇಲೆ ಮಾಡುವ ದುಡ್ಡು. ನೇಪಾಳಿಗಳ ವಿಚಾರ ಬೇರೆ. 1950ರ ಒಪ್ಪಂದದಿಂದಾಗಿ ಅವರಿಗೆ ವೀಸಾ, ಪರವಾನಗಿ ಬೇಡ.

ಗಾಳಿಸುದ್ದಿ ಹಬ್ಬಿದ ದಿನ

2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. 2020ರ ಜನವರಿಯಲ್ಲಿ ಬಾಂಗ್ಲಾದೇಶಿಗಳೆಂಬ ಶಂಕೆಯ ಮೇಲೆ ಕರಿಯಮ್ಮನ ಅಗ್ರಹಾರದ ಶೆಡ್‌ಗಳು ಉರುಳಿದವು. ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು. ಇಂಥ ದಿನ ಮಾಲೀಕರೇ ಫ್ಲೋರಿಗೆ ಬಂದು ನಿಲ್ಲಬೇಕು, ಠಾಣೆಗೆ ತಾವೇ ಫೋನ್ ಮಾಡಬೇಕು. ಕಂಪನಿ ಐಡಿ ಕಾರ್ಡ್, ನೇಮಕಾತಿ ಪತ್ರದ ಫೋಟೊ ಪ್ರತಿಯೊಬ್ಬರ ಮೊಬೈಲಿನಲ್ಲೂ ಮೊದಲೇ ಇರಬೇಕು. ಹೋಗುತ್ತೇನೆ ಎಂದವರಿಗೆ ಅಂದೇ ಬಾಕಿ ಕೊಡಿ. 2020ರ ಮೇನಲ್ಲಿ, ಮುಖ್ಯಮಂತ್ರಿ ಬಿಲ್ಡರ್‌ಗಳ ಜತೆ ನಡೆಸಿದ ಸಭೆಯ ಬೆನ್ನಿಗೇ, ಲಾಕ್‌ಡೌನ್‌ನಲ್ಲಿ ವಲಸಿಗರನ್ನು ಊರಿಗೆ ಕರೆದೊಯ್ಯುವ ಶ್ರಮಿಕ್ ರೈಲುಗಳು ರದ್ದಾಗಿದ್ದವು. ಟೀಕೆ ಬಂದು ಮತ್ತೆ ಶುರುವಾದಾಗ ಹೋದವರನ್ನು ಮರಳಿ ಕರೆಯುವ ಮುಖ ಹಲವು ಸೈಟುಗಳಿಗೆ ಇರಲಿಲ್ಲ.

ರಜೆ, ರಾಜೀನಾಮೆ

ಒಡಿಶಾದವರಿಗೆ ಜೂನ್ ನಡುವಿನ ರಜ ಹಬ್ಬ, ಬಿಹಾರದವರಿಗೆ ದೀಪಾವಳಿ ಕಳೆದು ಬರುವ ಛಠ್, ಅಸ್ಸಾಮಿಗೆ ಏಪ್ರಿಲ್‌ನ ಬಿಹು. ರೈಲು ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಆದ್ದರಿಂದ ರಜೆಯ ಪಟ್ಟಿ 70 ದಿನ ಮೊದಲೇ ಸಿದ್ಧವಾಗಲಿ. ಎರಡು ತಂಡ ಮಾಡಿ ಕಳಿಸಿದರೆ ಲೈನ್ ನಿಲ್ಲುವುದಿಲ್ಲ. ರಜೆ ಇಲ್ಲ ಎಂದರೆ ಹೇಳದೆ ಹೋಗುತ್ತಾರೆ, ಆ ನಾಚಿಕೆಗೇ ವಾಪಸ್ ಬರುವುದಿಲ್ಲ.

ಬಿಟ್ಟು ಹೋದವರ ಬಾಕಿ ಎರಡು ಕೆಲಸದ ದಿನದೊಳಗೆ ಖಾತೆಗೆ ಸೇರಬೇಕು. ಪಿಎಫ್ ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ತಾರೀಖನ್ನು ಅದೇ ತಿಂಗಳು ತುಂಬಿಸಿ. ಅದು ಖಾಲಿ ಉಳಿದರೆ ಹಣ ತೆಗೆಯುವುದಕ್ಕೂ, ಮುಂದಿನ ಕಂಪನಿಗೆ ವರ್ಗಾಯಿಸುವುದಕ್ಕೂ ತೊಡಕಾಗಿ, ಊರಲ್ಲಿ ಕುಳಿತವರು ನಿಮ್ಮ ಆಫೀಸಿಗೆ ಫೋನ್ ಮೇಲೆ ಫೋನ್ ಮಾಡಬೇಕಾಗಬಹುದು.