ಇಬ್ಬರ ಇಷ್ಟಕ್ಕೂ ಒಪ್ಪುವ ಹಾಗೆ ಮನೆ
ಒಬ್ಬರಿಗೆ ಹಳೇ ಮರದ ಸಾಮಾನು ಇಷ್ಟ, ಇನ್ನೊಬ್ಬರಿಗೆ ಬಿಳಿ ಗೋಡೆ, ಖಾಲಿ ಜಾಗ. ಅದಕ್ಕೆಂದು ಕೋಣೆಗಳನ್ನು ಹಂಚಿಕೊಳ್ಳಬೇಡಿ, ಎರಡು ಮನೆ ಜೋಡಿಸಿದಂತೆ ಕಾಣುತ್ತದೆ. ಮೊದಲು ಬಣ್ಣ ತೀರ್ಮಾನಿಸಿ. ನೂರಕ್ಕೆ 60 ಭಾಗ ಇಬ್ಬರಿಗೂ ಹಿಡಿಸುವ ತಿಳಿ ಬಣ್ಣ, 30 ಭಾಗ ಸೋಫಾ, ಪರದೆಗಳದ್ದು, ಉಳಿದ 10 ದಿಂಬಿನ ಕವರ್, ಚಿತ್ರಗಳದ್ದು. ಗಾಢ ಬಣ್ಣದ ಆಸೆಯನ್ನು ಈ ಹತ್ತರಲ್ಲೇ ತೀರಿಸಿಕೊಳ್ಳಿ. ಬೇಜಾರಾದರೆ ಬದಲಿಸುವುದೂ ಸುಲಭ, ಅಲ್ವಾ?

ಪೂರ್ತಿ ಬಣ್ಣ ಕೊಳ್ಳುವ ಮೊದಲು ಗೋಡೆಯ ಮೇಲೆ ಎರಡು ಅಡಿ ಅಗಲಕ್ಕೆ ಹಚ್ಚಿ, ಹಗಲಲ್ಲೂ ರಾತ್ರಿ ದೀಪದಲ್ಲೂ ಇಬ್ಬರೂ ನೋಡಿ. 2700 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ, ಬಲ್ಬಿನ ಡಬ್ಬಿಯ ಮೇಲಿರುತ್ತದೆ) ಹಳದಿ ಬಲ್ಬಿನಡಿ ಬೂದು ಬಣ್ಣ ಬೇರೆಯೇ ಕಾಣುತ್ತದೆ. ಇನ್ನೊಂದು ಮಾತು, ಹಳೇ ಮರದ ಕಪಾಟಿಗೆ ದಯವಿಟ್ಟು ಬಿಳಿ ಪೇಂಟ್ ಬಳಿಯಬೇಡಿ. ಒರೆಸಿ, ಪಾಲಿಶ್ ಮಾಡಿ, ಅದೇ ಖಾಲಿ ಗೋಡೆಯ ಮುಂದೆ ಒಂಟಿಯಾಗಿ ಇಡಿ. ಸುತ್ತ ಏನೂ ಬೇಡ.