ಮನೆಬಾವಿಗೆ ಸಬ್‌ಮರ್ಸಿಬಲ್ ಪಂಪು ಇಳಿಸುವಾಗ

ಕಾಸರಗೋಡಿನ ಮುರಕಲ್ಲಿನ ಬಾವಿಗಳಲ್ಲಿ ಮಳೆಗಾಲಕ್ಕೆ ನೀರು ಮೇಲೇರಿದರೂ ಮೇ ತಿಂಗಳಲ್ಲಿ ಬಹಳ ಕೆಳಗಿಳಿಯುತ್ತದೆ. ಪಂಪು ಆರಿಸುವುದು ಆ ಬೇಸಿಗೆಯ ಮಟ್ಟ ನೋಡಿಯೇ. ಅಲ್ಲಿಂದ ಬಾವಿಕಟ್ಟೆಗೆ 40 ಅಡಿ, ಟ್ಯಾಂಕಿಗೆ ಇನ್ನೂ 25 ಅಡಿ ಎಂದರೆ ಸುಮಾರು 20 ಮೀಟರ್. ಪೈಪಿನ ಘರ್ಷಣೆಗೆ 2-3 ಮೀಟರ್ ಸೇರಿಸಿ. ಪಂಪಿನ ಹೆಸರುಫಲಕದಲ್ಲಿರುವ ಹೆಡ್ಡು, ಅಂದರೆ ಅದು ನೀರೆತ್ತುವ ಎತ್ತರ, ಇದಕ್ಕೆ ಹೊಂದಬೇಕು.

ನೀರು ತುಂಬುವ ಮೋಟರಾದರೆ ಇಳಿಸುವ ಮೊದಲು ಶುದ್ಧ ನೀರು ತುಂಬಿಸಿ, ಗುಳ್ಳೆ ನಿಂತ ಮೇಲೆ ಇನ್ನಷ್ಟು ಹಾಕಿ ಬಿರಡೆ ಬಿಗಿಯಿರಿ. ಹೆಚ್ಚಿನವರು ಮರೆಯುವುದು ಇದನ್ನೇ. ಒಳಗೆ ಗಾಳಿ ಉಳಿದರೆ ಮೋಟರಿನ ದಂಡ ತಿರುಗುವ ಬುಶ್ಶು ಒಣಗಿ ಸವೆಯುತ್ತದೆ.

ಭಾರ ಹೊರಬೇಕಾದ್ದು ನೈಲಾನ್ ಹಗ್ಗ, ಕೇಬಲ್ ಅಲ್ಲ. ಕೇಬಲನ್ನು ಪೈಪಿಗೆ 6 ಅಡಿಗೊಮ್ಮೆ ಸ್ವಲ್ಪ ಸಡಿಲವಾಗಿ ಕಟ್ಟಿ. ಕೇಬಲಿನ ಜೋಡಣೆ ನೀರಿನೊಳಗೆ ಬೇಡ. ಪಂಪು ತಳದಿಂದ 1-2 ಅಡಿ ಮೇಲಿರಲಿ, ಇಲ್ಲದಿದ್ದರೆ ಕೆಂಪು ಕೆಸರು ಜಾಲರಿಗೆ ಮೆತ್ತಿಕೊಂಡು ನೀರು ಸಣ್ಣಗಾಗುತ್ತದೆ.

ಅರ್ಥಿಂಗ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚು) ಎರಡೂ ಬೇಕೇ ಬೇಕು. ಮನೆಮಂದಿ ಕೊಡಪಾನ ಇಳಿಸುವ ಬಾವಿಯಿದು. ವಯರಿಂಗನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಿ, ಬಾವಿಗಿಳಿಯುವ ಮೊದಲು ಮೇನ್ ಆಫ್ ಮಾಡಿ. ಬೇಸಿಗೆಗೆ ಡ್ರೈರನ್ ರಕ್ಷಣೆಯ ಪ್ಯಾನೆಲ್ ಹಾಕಿಸಿದರೆ ನೀರು ಬತ್ತಿದಾಗ ಮೋಟರು ತಾನಾಗಿ ನಿಲ್ಲುತ್ತದೆ.