ಅರ್ಕಾವೊತ್ತಿನ ಗುಟ್ಟು ನನ್ನೊಬ್ಬನಲ್ಲೇ ಇತ್ತು

‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳನ್ನು ಈಗ ಎಲ್ಲೆಡೆ ಬಳಸುವ ಯೂನಿಕೋಡಿಗೆ ತರುವ ಓಪನ್ ಸೋರ್ಸ್ ತಂತ್ರಾಂಶವೊಂದನ್ನು ಬದಿಯಡ್ಕದ ಮನೆಯಲ್ಲಿ ಕೂತು ಹನ್ನೊಂದು ವರ್ಷ ಒಬ್ಬನೇ ನೋಡಿಕೊಂಡೆ. 2024ರ ಮಳೆಗಾಲದಲ್ಲಿ ಡೆಂಗಿ ಬಂದು ಮೂರು ವಾರ ಮಲಗಿದೆ. ನಾವು ಬಳಸುವ ಪೈಥಾನ್ ಭಾಷೆಯ 3.12ನೇ ಆವೃತ್ತಿಯಲ್ಲಿ ಇನ್‌ಸ್ಟಾಲ್ ಮಾಡಿಸುವ ಭಾಗವಾದ ಡಿಸ್ಟ್‌ಯುಟಿಲ್ಸ್ ತೆಗೆದುಹಾಕಿದ್ದರಿಂದ ನಮ್ಮ ತಂತ್ರಾಂಶ ಹೊಸ ಕಂಪ್ಯೂಟರುಗಳಲ್ಲಿ ಇನ್‌ಸ್ಟಾಲೇ ಆಗುತ್ತಿರಲಿಲ್ಲ. ಪೆರ್ಲದ ಹುಡುಗಿಯೊಬ್ಬಳು ಅದಕ್ಕೆ ತಿದ್ದುಪಡಿ ಕಳಿಸಿದ್ದಳು. ಒಪ್ಪಿ ಬಿಡುಗಡೆ ಮಾಡಲು ಬೇಕಾದ ಓಟಿಪಿ ಬರುವುದು ನನ್ನ ಫೋನಿಗೆ ಮಾತ್ರ. ಕುಂಬಳೆಯ ಮಾಷ್ಟ್ರೊಬ್ಬರು ಯೂನಿಕೋಡಿಗೆ ತರುತ್ತಿದ್ದ ಯಕ್ಷಗಾನ ಪ್ರಸಂಗ ಅರ್ಧಕ್ಕೇ ನಿಂತಿತು. ಅದು ಇವತ್ತಿಗೂ ನನ್ನ ಮನಸ್ಸನ್ನು ಚುಚ್ಚುತ್ತದೆ.

ಎದ್ದ ಮೇಲೆ ಬಿಡುಗಡೆಯ ಕೀಲಿಯನ್ನು ಯಾರಿಗಾದರೂ ಕೊಟ್ಟುಬಿಡೋಣ ಅನ್ನಿಸಿತ್ತು. ಕೊಡಲಿಲ್ಲ. 2018ರಲ್ಲಿ ಈವೆಂಟ್-ಸ್ಟ್ರೀಮ್ ಎಂಬ ಓಪನ್ ಸೋರ್ಸ್ ತಂತ್ರಾಂಶ ಹಾಗೆಯೇ ಅಪರಿಚಿತನ ಕೈಸೇರಿ ಅದರೊಳಗೆ ಕಳ್ಳ ಕೋಡ್ ಬಂತು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ತಂತ್ರಾಂಶದಲ್ಲಂತೂ ಒಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದ. 2024ರಲ್ಲಿ ಅವನು ಸೇರಿಸಿದ ಹಿಂಬಾಗಿಲಿನ ಮುಖ್ಯ ತುಣುಕು ಇದ್ದದ್ದು ಬಿಡುಗಡೆಯ ಕಟ್ಟಿನಲ್ಲಿ ಮಾತ್ರ, ಎಲ್ಲರಿಗೂ ಕಾಣುವ ಗಿಟ್ ಕೋಡ್ ಭಂಡಾರದಲ್ಲಿ ಇರಲಿಲ್ಲ. ಹಾಗಾಗಿ ಕಾದು ನೋಡಿ ನಂಬಿದರಷ್ಟೇ ಸಾಲದು ಎಂಬುದು ನನ್ನ ಅಭಿಪ್ರಾಯ. ಈಗ ನಮ್ಮಲ್ಲಿ ಯಾರೂ ತಮ್ಮ ಲ್ಯಾಪ್‌ಟಾಪಿನಿಂದ ಬಿಡುಗಡೆ ಮಾಡುವುದಿಲ್ಲ. ಎಲ್ಲರಿಗೂ ಕಾಣುವ ಕೋಡಿನಿಂದಲೇ ಯಂತ್ರ ಕಟ್ಟಿ ಕಳಿಸುತ್ತದೆ, ಅದಕ್ಕೆ ಇನ್ನೊಬ್ಬರ ಒಪ್ಪಿಗೆ ಬೇಕು.

ಹೆಚ್ಚು ದಿನ ಹಿಡಿದದ್ದು ಬೇರೆ ಕೆಲಸ: ನನ್ನ ತಲೆಯಲ್ಲಷ್ಟೇ ಇದ್ದದ್ದನ್ನು ಹೇಳಿಕೊಡುವುದು. ನುಡಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ‘ಅರ್ಥ’ದಲ್ಲಿ ಒಂದಕ್ಷರ ಹಿಂದೆ ಸರಿದರೆ ಸಾಕು. ‘ಅರ್ಘ್ಯ’ದಲ್ಲಿ ಯಕಾರದ ಒತ್ತನ್ನೂ ದಾಟಿ ಘಕಾರದ ಹಿಂದಕ್ಕೆ ಹೋಗಬೇಕು.

“ಅಣ್ಣಾ, ಇಲ್ಲಿ ಈ ಲೂಪ್ ಹಾಕಿದ್ದು ಯಾಕೆ?” ಎಂದು ಪೆರ್ಲದ ಆ ಹುಡುಗಿ ಕೇಳಿದಳು. ಕೋಡಿನಲ್ಲಿ ಒಂದು ಸಾಲು ಟಿಪ್ಪಣಿಯೂ ಇರಲಿಲ್ಲ. ಇಂಥ ನಲವತ್ತಕ್ಕೂ ಹೆಚ್ಚು ಕಡೆ ಅವಳು ಕೇಳಿದಳು, ನಾನು ಹೇಳಿದೆ, ಪ್ರತಿಯೊಂದಕ್ಕೂ ಒಂದು ಪದ ಇಟ್ಟು ಟೆಸ್ಟ್ ಬರೆದಳು. ಮೂರು ಕಡೆ ನನಗೇ ಕಾರಣ ನೆನಪಾಗಲಿಲ್ಲ. ಅಲ್ಲಿ “ಕಾರಣ ತಿಳಿದಿಲ್ಲ, ತೆಗೆಯಬೇಡಿ” ಎಂದೇ ಬರೆದಿಟ್ಟಿದ್ದೇವೆ.

ಕಲಿಯುವವರಿಗೆ ಭಾಗವತರು ಪೂರ್ವರಂಗ ಬಿಟ್ಟುಕೊಡುವ ಹಾಗೆ ಸಣ್ಣ ಬಿಡುಗಡೆಗಳನ್ನು ಮೊದಲು ಅವಳಿಗೆ ಬಿಟ್ಟೆ. ಕಳೆದ ದೊಡ್ಡ ಬಿಡುಗಡೆಯ ದಿನ ನಾನು ತೋಟದಲ್ಲಿ ಅಡಿಕೆಗೆ ಮದ್ದು ಬಿಡಿಸುತ್ತಿದ್ದೆ. ಒಪ್ಪಿಗೆ ಕೊಟ್ಟದ್ದು ಮಂಜೇಶ್ವರದ ಇನ್ನೊಬ್ಬ ಗೆಳೆಯ. ಡೊಮೇನ್ ಮಾತ್ರ ಇನ್ನೂ ನನ್ನ ಕಾರ್ಡಿನಿಂದಲೇ ನವೀಕರಣವಾಗುತ್ತಿದೆ. ಮುಂದಿನ ಮಳೆಗಾಲದ ಒಳಗೆ ಅದನ್ನೂ ಮೂವರ ಕೈಗೆ ಸಿಗುವ ಹಾಗೆ ಮಾಡಬೇಕು.